ಎಳೆಗೆ ತೇವ, ಮೈಗೆ ಬೆವರು: ನಿಮ್ಮ ಸ್ಮಾರ್ಟ್ ಥರ್ಮೋಸ್ಟಾಟ್ ಯಾರನ್ನು ಅಳೆಯುತ್ತಿದೆ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಶಿವರಾತ್ರಿ ಮುಗೀತು ಅಂದ್ರೆ ಅಟ್ಟದ ಮೇಲಿದ್ದ ಕೂಲರ್‌ಗಳು ಕೆಳಗಿಳಿಯುತ್ತವೆ. ಈಗೀಗ ಕೆಲವು ಮನೆಗಳಲ್ಲಿ ಕೂಲರ್ ಜೊತೆ ಇನ್ನೊಂದು ಸಣ್ಣ ಡಬ್ಬಿಯೂ ಸೇರಿಕೊಂಡಿದೆ. ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸ ಮಾಡುವ ಮಗ ಆನ್‌ಲೈನಲ್ಲಿ ತರಿಸಿಕೊಟ್ಟ ವೈಫೈ ಥರ್ಮೋಸ್ಟಾಟ್ ಅಥವಾ ಸ್ಮಾರ್ಟ್ ಪ್ಲಗ್ ಅದು. ಉಷ್ಣತೆ ಇಷ್ಟು, ತೇವಾಂಶ ಇಷ್ಟು ಅಂತ ಮೊಬೈಲಲ್ಲಿ ಸೆಟ್ ಮಾಡಿದರೆ ಸಾಕು, ಕೂಲರ್ ತಾನೇ ಶುರುವಾಗಿ ತಾನೇ ನಿಲ್ಲಬೇಕು. ಅದು ಲೆಕ್ಕ.

ಲೆಕ್ಕ ತಪ್ಪಿದಾಗ ಬರುವ ದೂರುಗಳು ಸಾಮಾನ್ಯವಾಗಿ ಮೂರು. ಒಂದು: "24ಕ್ಕೆ ಇಟ್ಟೀನಿ, ಕೂಲರ್ ನಿಲ್ಲವಲ್ದು, ಗೋಡಿ ಬೆವರಾಕತ್ತೈತಿ." ಎರಡು: "ಮೊಬೈಲ್‌ದಾಗ ಆನ್ ಅಂತ ತೋರಸ್ತೈತಿ, ಗಾಳಿ ಮಾತ್ರ ಒಣಾನ ಬರ್ತೈತಿ." ಮೂರು, ಮಗ್ಗ ಇರುವ ಮನೆಯದ್ದು: "ಮೀಟರ್‌ನ್ಯಾಗ ತೇವಾಂಶ 75 ಐತಿ, ಎಳಿ ಕಡಿಯೂದು ನಿಂತಿಲ್ಲ."

ಮೂರನ್ನೂ ಕೇಳಿದ ಕೂಡಲೇ ಮಷಿನ್ ಕೆಟ್ಟಿದೆ ಅನ್ನಿಸುತ್ತದೆ. ಬಹಳಷ್ಟು ಸಲ ಮಷಿನ್ ಸರಿಯಾಗೇ ಇರುತ್ತದೆ. ಏನನ್ನು ಅಳೆಯಬೇಕು, ಎಲ್ಲಿ ಅಳೆಯಬೇಕು, ಯಾವಾಗ ನಿಲ್ಲಿಸಬೇಕು ಅಂತ ಅದಕ್ಕೆ ಹೇಳಿದ್ದರಲ್ಲಿ ಎಡವಟ್ಟು ಇರುತ್ತದೆ. ಈ ಮೂರು ಪ್ರಶ್ನೆ ಹಿಡಿದು ಹೊರಟರೆ ಕೂಲರ್ ರಿಪೇರಿ ಆಗುತ್ತದೆ. ಅದೇ ಪ್ರಶ್ನೆಗಳನ್ನು ನಮ್ಮ ಕಾರ್ಮಿಕ ಕಾನೂನಿಗೆ ಕೇಳಿದರೆ, ಮನೆಯಲ್ಲೇ ನೇಯುವ ನೇಕಾರರ ವಿಷಯದಲ್ಲಿ ಅಲ್ಲಿ ಸೆನ್ಸರೇ ಇಲ್ಲ ಅನ್ನೋದು ಗೊತ್ತಾಗುತ್ತದೆ.

ಗಾಳಿ ಒಣಗೋದು ಹೇಗೆ?

ಮೀಟರ್ ತೋರಿಸುವ ತೇವಾಂಶ, ಗಾಳಿಯಲ್ಲಿ ಎಷ್ಟು ನೀರಿದೆ ಅನ್ನೋದರ ನೇರ ಅಳತೆ ಅಲ್ಲ. ಆ ಉಷ್ಣತೆಯಲ್ಲಿ ಗಾಳಿ ಗರಿಷ್ಠ ಎಷ್ಟು ನೀರಾವಿ ಹಿಡಿಯಬಲ್ಲದೋ ಅದರಲ್ಲಿ ಶೇಕಡಾ ಎಷ್ಟು ತುಂಬಿದೆ ಅನ್ನೋದು ಅದು. ಅದಕ್ಕೇ ಅದನ್ನು ಸಾಪೇಕ್ಷ ಆರ್ದ್ರತೆ ಅನ್ನುತ್ತಾರೆ. ಗಾಳಿ ಬಿಸಿಯಾದಷ್ಟೂ ಈ ಕೊಡ ದೊಡ್ಡದಾಗುತ್ತದೆ. ಒಳಗಿನ ನೀರು ಅಷ್ಟೇ ಇದ್ದರೂ ಕೊಡ ಖಾಲಿ ಖಾಲಿ ಕಾಣುತ್ತದೆ.

ಲೆಕ್ಕ ಹಾಕಿ ನೋಡಿ. ಬೆಳಗ್ಗೆ 25 ಡಿಗ್ರಿಯಲ್ಲಿ ಶೇ. 60 ತೇವಾಂಶ ಇದ್ದ ಗಾಳಿಗೆ ಒಂದು ಹನಿ ನೀರನ್ನೂ ಸೇರಿಸದೆ, ಕಳೆಯದೆ 38 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ. 29ಕ್ಕೆ ಇಳಿಯುತ್ತದೆ. ನರಗುಂದದ ಎರೆ ಹೊಲ ಮಾರ್ಚ್ ಮಧ್ಯಾಹ್ನ ಬಿರುಕು ಬಿಡೋದು, ತುಟಿ ಒಡೆಯೋದು, ಬೆಳಗ್ಗೆ ಹಾಕಿದ ಸಂಡಿಗೆ ಸಂಜೆಯೊಳಗೆ ಗರಿಗರಿ ಆಗೋದು ಎಲ್ಲ ಈ ಲೆಕ್ಕದ್ದೇ ಮಹಿಮೆ.

ಶಿಕಾಗೋದಲ್ಲೋ ಮಿನ್ನಿಯಾಪೊಲಿಸ್‌ನಲ್ಲೋ ಇರುವ ಕನ್ನಡದ ಮನೆಗಳಿಗೂ ಇದೇ ತೊಂದರೆ, ಆದರೆ ಚಳಿಗಾಲದಲ್ಲಿ. ಹೊರಗೆ 0 ಡಿಗ್ರಿಯಲ್ಲಿ ಶೇ. 80 ತೇವಾಂಶ ಇರುವ ಗಾಳಿಯನ್ನು ಮನೆಯೊಳಗೆ ತಂದು 21 ಡಿಗ್ರಿಗೆ ಬಿಸಿ ಮಾಡಿದರೆ ಶೇ. 20 ಮಾತ್ರ ಉಳಿಯುತ್ತದೆ. ಚರ್ಮ ಒಣಗುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಬಾಗಿಲ ಹಿಡಿಕೆ ಮುಟ್ಟಿದರೆ ಚುರ್ ಅನ್ನುತ್ತದೆ. ಅದಕ್ಕೆ ಅಲ್ಲಿ ಇಡೀ ಮನೆಗೆ ಒಂದೇ ಹ್ಯುಮಿಡಿಫೈಯರ್ ಇಡುತ್ತಾರೆ. ಮನೆ ಬಿಸಿ ಮಾಡುವ ಫರ್ನೇಸ್‌ನ ಗಾಳಿ ಕೊಳವೆಗೆ ಅದನ್ನು ಕೂಡಿಸಿರುತ್ತಾರೆ. ಗೋಡೆ ಮೇಲಿನ ಥರ್ಮೋಸ್ಟಾಟ್ ಆದೇಶ ಕೊಟ್ಟಾಗ 24 ವೋಲ್ಟಿನ ಸಣ್ಣ ವಾಲ್ವ್ ತೆರೆದುಕೊಂಡು ಪ್ಯಾಡ್ ಮೇಲೆ ನೀರು ಹರಿಯುತ್ತದೆ, ಬಿಸಿ ಗಾಳಿ ಅದರೊಳಗೆ ಹಾದು ತೇವ ಹೊತ್ತು ಕೋಣೆಗಳಿಗೆ ಹೋಗುತ್ತದೆ.

ಒದ್ದೆ ಪ್ಯಾಡ್, ಅದರೊಳಗೆ ಹಾಯುವ ಗಾಳಿ. ಮೂಲದಲ್ಲಿ ನಮ್ಮ ಕೂಲರೂ ಅದೇ ಮಷಿನ್. ಅಲ್ಲಿ ಅದನ್ನು ತೇವಕ್ಕೆ ಬಳಸುತ್ತಾರೆ, ಇಲ್ಲಿ ತಂಪಿಗೆ.

ಒಂದೇ ಗುಂಡಿ, ಎರಡು ಕೆಲಸ

ಮೊದಲ ದೂರಿನ ಗುಟ್ಟು ಇಲ್ಲೇ ಇದೆ. ಕೂಲರ್ ಗಾಳಿಯನ್ನು ತಂಪು ಮಾಡೋದು ನೀರನ್ನು ಆವಿ ಮಾಡಿಯೇ. ಅಂದ್ರೆ ತಂಪು ಮತ್ತು ತೇವ ಬೇರೆ ಬೇರೆ ಸಿಗುವುದಿಲ್ಲ, ಎರಡೂ ಜೋಡಿಯಾಗೇ ಬರುತ್ತವೆ. ಎಷ್ಟು ತಂಪು ಮಾಡಬಹುದು ಅನ್ನೋದಕ್ಕೂ ಪ್ರಕೃತಿಯ ಒಂದು ಗೆರೆ ಇದೆ. ಅದರ ಹೆಸರು ವೆಟ್ ಬಲ್ಬ್ ತಾಪಮಾನ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ಎಲ್ಲಿಯವರೆಗೆ ಇಳಿಯುತ್ತದೋ ಅದೇ ವೆಟ್ ಬಲ್ಬ್. ಕೂಲರ್ ಎಷ್ಟೇ ದುಬಾರಿಯದ್ದಾದರೂ ಆ ಗೆರೆ ದಾಟಲಾರದು.

38 ಡಿಗ್ರಿ, ಶೇ. 29 ತೇವಾಂಶ ಇರುವ ಮಾರ್ಚ್ ಮಧ್ಯಾಹ್ನ ಆ ಗೆರೆ ಸುಮಾರು 24 ಡಿಗ್ರಿಯಲ್ಲಿರುತ್ತದೆ. ಒಳ್ಳೆಯ ಪ್ಯಾಡ್ ಇರುವ ಕೂಲರ್ ಈ 14 ಡಿಗ್ರಿ ಅಂತರದ ಮುಕ್ಕಾಲು ಭಾಗ ಇಳಿಸಿದರೂ 27-28 ಡಿಗ್ರಿಯ ಗಾಳಿ ಬರುತ್ತದೆ. ಸ್ವರ್ಗ! ಈಗ ಜುಲೈಗೆ ಬನ್ನಿ. 28 ಡಿಗ್ರಿ, ಶೇ. 80 ತೇವಾಂಶ. ಗೆರೆ ಸುಮಾರು 25ರಲ್ಲಿದೆ. ಕೂಲರ್ ಇಳಿಸಬಹುದಾದದ್ದು ಹೆಚ್ಚೆಂದರೆ ಎರಡು ಡಿಗ್ರಿ. ಅಲ್ಲಿ ಥರ್ಮೋಸ್ಟಾಟನ್ನು 24ಕ್ಕೆ ಇಟ್ಟರೆ ಆ ಗುರಿ ಎಂದೂ ಮುಟ್ಟುವುದಿಲ್ಲ. ಗುರಿ ಮುಟ್ಟದ್ದರಿಂದ ಪಂಪ್ ನಿಲ್ಲುವುದಿಲ್ಲ. ಪಂಪ್ ನಿಲ್ಲದ್ದರಿಂದ ತೇವ ಏರುತ್ತಲೇ ಹೋಗುತ್ತದೆ. ಗೋಡೆ ಬೆವರುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಹಾಸಿಗೆ ವಾಸನೆ ಹೊಡೆಯುತ್ತದೆ. ಥರ್ಮೋಸ್ಟಾಟ್ ಮಾತ್ರ ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡುತ್ತಿರುತ್ತದೆ.

ಪರಿಹಾರ ಸುಲಭ. ಪಂಪಿಗೆ ಒಂದೇ ಷರತ್ತು ಸಾಲದು, ಎರಡು ಬೇಕು: ಉಷ್ಣತೆ 30 ದಾಟಿರಬೇಕು ಮತ್ತು ತೇವಾಂಶ ಶೇ. 60ಕ್ಕಿಂತ ಕಡಿಮೆ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪಂಪ್ ಬಂದ್, ಫ್ಯಾನ್ ಮಾತ್ರ ತಿರುಗಲಿ. ಇಡೀ ಕೂಲರನ್ನೇ ಒಂದು ಸ್ಮಾರ್ಟ್ ಪ್ಲಗ್‌ಗೆ ಹಾಕಿದ್ದರೆ ಇದು ಸಾಧ್ಯವಿಲ್ಲ, ಯಾಕಂದ್ರೆ ಪ್ಲಗ್ ಎರಡನ್ನೂ ಒಟ್ಟಿಗೇ ಆರಿಸುತ್ತದೆ. ಪಂಪಿನ ಲೈನನ್ನು ಬೇರೆ ಮಾಡಿ ಅದಕ್ಕೆ ಪ್ರತ್ಯೇಕ ರಿಲೇ ಹಾಕಿಸಬೇಕು. ಈ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ನೀರು, ಕಬ್ಬಿಣದ ಡಬ್ಬಿ, ಕರೆಂಟ್ ಮೂರೂ ಒಂದೇ ಕಡೆ ಇರುವ ಸಾಮಾನು ಅದು. ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಕೂಲರ್ ಹಾಕಲೇಬೇಡಿ. ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ, ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತಿಡಿ.

ಆದೇಶ ಹೋಯ್ತು, ನೀರು ಬಂತಾ?

ಎರಡನೇ ದೂರು: ಮೊಬೈಲಲ್ಲಿ ಆನ್, ಗಾಳಿ ಒಣ. ಮೊಬೈಲ್ ತೋರಿಸುವ 'ಆನ್' ಅಂದ್ರೆ ಆದೇಶ ಹೊರಟಿದೆ ಅಂತ ಅಷ್ಟೇ. ನೀರು ಪ್ಯಾಡ್ ಮುಟ್ಟಿದೆ ಅಂತ ಅರ್ಥವಲ್ಲ.

ನರಗುಂದದವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಗದದ ಮೇಲೆ ನೀರಾವರಿ ಆಗಿತ್ತು. ಎಷ್ಟೋ ಹೊಲಗಳಿಗೆ ನೀರು ಸರಿಯಾಗಿ ಮುಟ್ಟದಿದ್ದರೂ ಅಭಿವೃದ್ಧಿ ಕರದ ನೋಟಿಸು ಮಾತ್ರ ತಪ್ಪದೆ ಬಂತು. 1980ರ ಜುಲೈ 21ರಂದು ನರಗುಂದ-ನವಲಗುಂದದ ಬಂಡಾಯ ಎದ್ದದ್ದು, ಗೋಲಿಬಾರ್‌ನಲ್ಲಿ ರೈತರು ಪ್ರಾಣ ಕೊಟ್ಟದ್ದು ಆ ಸಿಟ್ಟಿನ ಹಿನ್ನೆಲೆಯಲ್ಲೇ. ಎಂಜಿನಿಯರಿಂಗ್ ಭಾಷೆಯಲ್ಲಿ ಇದನ್ನು ಓಪನ್ ಲೂಪ್ ಅನ್ನುತ್ತಾರೆ. ಆದೇಶ ಕೊಟ್ಟವನು ಫಲಿತಾಂಶವನ್ನು ತಿರುಗಿ ನೋಡದ ವ್ಯವಸ್ಥೆ. ಫಲಿತಾಂಶವನ್ನು ಅಳೆದು, ಆ ಅಳತೆ ಪ್ರಕಾರ ಮುಂದಿನ ಆದೇಶ ಬದಲಿಸುವುದು ಕ್ಲೋಸ್ಡ್ ಲೂಪ್.

ಆದ್ದರಿಂದ ಪರೀಕ್ಷೆಯನ್ನು ಮೊಬೈಲಿನಿಂದ ಶುರು ಮಾಡಬೇಡಿ, ಕಾಲುವೆಯ ಕೊನೆಯ ಹೊಲದಿಂದ ಹಿಂದಕ್ಕೆ ಬನ್ನಿ.

ಪ್ಯಾಡ್ ಮುಟ್ಟಿ ನೋಡಿ. ಮೇಲಿನಿಂದ ಕೆಳಗಿನವರೆಗೆ ಒದ್ದೆ ಇದೆಯಾ, ನಡುವೆ ಒಣ ಪಟ್ಟಿಗಳಿವೆಯಾ? ಈ ಭಾಗದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಸುಣ್ಣ ಪ್ಯಾಡಿನಲ್ಲೇ ಉಳಿಯುತ್ತದೆ. ಬಿಳಿ ಪೊರೆ ಕಟ್ಟಿದ ಪ್ಯಾಡ್ ನೀರು ಹೀರುವುದಿಲ್ಲ, ಗಾಳಿಯನ್ನೂ ಸರಿಯಾಗಿ ಬಿಡುವುದಿಲ್ಲ. ತೊಟ್ಟಿಯ ನೀರನ್ನು ಮೇಲಿಂದ ಮೇಲೆ ತುಂಬಿಸುತ್ತಲೇ ಇದ್ದರೆ ಉಪ್ಪು ಸಾಂದ್ರವಾಗುತ್ತಾ ಹೋಗುತ್ತದೆ. ವಾರಕ್ಕೆ ಎರಡು ಸಲವಾದರೂ ಪೂರ್ತಿ ಖಾಲಿ ಮಾಡಿ ತೊಳೆಯಿರಿ.

ಪ್ಯಾಡ್ ಒಣಗಿದ್ದರೆ ಪಂಪ್ ನೋಡಿ. ಕೈಯಿಂದ ನೇರ ಸ್ವಿಚ್ ಹಾಕಿದಾಗ ನೀರು ಏರಿದರೆ ಪಂಪ್ ಸರಿ ಇದೆ. ಆಗ ರಿಲೇಗೆ ಬನ್ನಿ. ಆದೇಶ ಕೊಟ್ಟಾಗ 'ಟಿಕ್' ಸದ್ದು ಬರುತ್ತದಾ? ಸದ್ದು ಬಂದೂ ಪಂಪ್ ತಿರುಗದಿದ್ದರೆ ರಿಲೇಯಿಂದ ಪಂಪಿನವರೆಗಿನ ವೈರ್. ಸದ್ದೇ ಇಲ್ಲದಿದ್ದರೆ ವೈಫೈ ಅಥವಾ ಸೆಟ್ಟಿಂಗ್. ಕರೆಂಟ್ ಹೋಗಿ ಬಂದ ಮೇಲೆ ಪ್ಲಗ್ ಯಾವ ಸ್ಥಿತಿಗೆ ಮರಳಬೇಕು ಅನ್ನೋ ಆಯ್ಕೆ ಹಲವು ಸ್ಮಾರ್ಟ್ ಪ್ಲಗ್‌ಗಳಲ್ಲಿ ಇರುತ್ತದೆ. ಅದು 'ಆಫ್' ಅಂತಿದ್ದರೆ ಮಧ್ಯಾಹ್ನ ಒಮ್ಮೆ ಕರೆಂಟ್ ಹೋಗಿ ಬಂದರೆ ಸಂಜೆಯವರೆಗೂ ಪಂಪ್ ಸತ್ತಿರುತ್ತದೆ. 'ಹಿಂದಿನ ಸ್ಥಿತಿ' ಅಂತ ಬದಲಿಸಿ.

ಕೊನೆಗೆ, ಇಬ್ಬರು ಯಜಮಾನರು ಇದ್ದಾರಾ ನೋಡಿ. ಅಮೆರಿಕದ ಮನೆಗಳಲ್ಲಿ ಆಗಾಗ ಕಾಣುವ ದೋಷ ಇದು. ಗೋಡೆಗೆ ಹೊಸ ಸ್ಮಾರ್ಟ್ ಥರ್ಮೋಸ್ಟಾಟ್ ಬಂದಿರುತ್ತದೆ, ಕೊಳವೆ ಮೇಲಿನ ಹಳೇ ತೇವ ನಿಯಂತ್ರಕ ಅದೇ ಲೈನಿನಲ್ಲಿ ಹಾಗೇ ಉಳಿದಿರುತ್ತದೆ. ಹಳಬ 'ಸಾಕು' ಅಂದಾಗ ಹೊಸಬ 'ಬೇಕು' ಅಂತ ಎಷ್ಟು ಕೂಗಿದರೂ ನೀರು ಬಿಡುಗಡೆಯಾಗುವುದಿಲ್ಲ. ನಮ್ಮಲ್ಲಿ ಕೂಲರ್ ಮೈಮೇಲಿನ ಟೈಮರ್ ಇದೇ ಆಟ ಆಡುತ್ತದೆ. ಹೊಸಬ ಬಂದ ಮೇಲೆ ಹಳಬನನ್ನು ಖಾಯಂ 'ಆನ್'ನಲ್ಲಿ ಇಡಬೇಕು, ಇಲ್ಲವೇ ತೆಗೆದೇ ಹಾಕಬೇಕು.

ಸೆನ್ಸರ್ ಎಲ್ಲಿ ಕೂತಿದೆ?

ಮೂರನೇ ದೂರು: ಮೀಟರ್ 75 ಅನ್ನುತ್ತದೆ, ಎಳೆ ಕಡಿಯುತ್ತದೆ. ಮೊದಲು ಮೀಟರ್ ಸತ್ಯ ಹೇಳುತ್ತಿದೆಯಾ ಅಂತ ಅಡುಗೆಮನೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು. ಒಂದು ಮುಚ್ಚಳದಲ್ಲಿ ನಾಲ್ಕು ಚಮಚ ಉಪ್ಪು ಹಾಕಿ, ಗಟ್ಟಿ ಕೆಸರಿನಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಮೇಲಿನ ಮುಚ್ಚಿದ ಗಾಳಿ 25 ಡಿಗ್ರಿ ಆಸುಪಾಸಿನಲ್ಲಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ನಿಮ್ಮ ಮೀಟರ್ 68 ಅಂದರೆ ಅದು 7 ಕಡಿಮೆ ಓದುತ್ತಿದೆ. ಎಷ್ಟೋ ಆ್ಯಪ್‌ಗಳಲ್ಲಿ ಈ ವ್ಯತ್ಯಾಸ ತುಂಬಿಸಲು ಜಾಗ ಇರುತ್ತದೆ.

ಮೀಟರ್ ಸರಿ ಇದ್ದರೆ ಜಾಗ ನೋಡಿ. ಕೂಲರ್ ಗಾಳಿ ನೇರ ಬಡಿಯುವ ಕಡೆ ಸೆನ್ಸರ್ ಇದ್ದರೆ ಕೋಣೆ ತಣ್ಣಗಾಗುವ ಮುಂಚೆಯೇ ಪಂಪ್ ನಿಲ್ಲುತ್ತದೆ. ಪಡುವಣ ಬಿಸಿಲು ಬೀಳುವ ಗೋಡೆಯ ಮೇಲಿದ್ದರೆ ಅದು ಗೋಡೆಯ ಶಾಖ ಓದುತ್ತದೆ. ಒದ್ದೆ ಗೋಣಿಯ ಪಕ್ಕದಲ್ಲಿದ್ದರೆ ಗೋಣಿಯ ತೇವ ಓದುತ್ತದೆ. ಹಾಸಿನ ಹತ್ತಿರ ಇಟ್ಟು ನೋಡಿ, ಅದೇ ಮೀಟರ್ ಬೇರೆಯದ್ದೇ ಅಂಕಿ ತೋರಿಸಬಹುದು. ಸೆನ್ಸರ್ ಕೂತ ಜಾಗದಲ್ಲಿ ಏನಿದೆಯೋ ಅದೇ ಅದಕ್ಕೆ ಇಡೀ ಲೋಕ.

ಗಜೇಂದ್ರಗಡದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆ. ಪಟ್ಟೆದಂಚು ಸೀರೆಯ ಹೆಸರಿನ ಜೊತೆ ಬರುವ ಊರು ಇದು, ಹತ್ತಿ ನೂಲಿನ ನೇಯ್ಗೆಯ ಊರು. ಹತ್ತಿ ಎಳೆ ತೇವ ಹೀರಿದಷ್ಟೂ ಗಟ್ಟಿಯಾಗುತ್ತದೆ. ಶೇ. 65 ತೇವಾಂಶದ ಗಾಳಿಯಲ್ಲಿ ಹತ್ತಿ ನೂಲು ತನ್ನ ಒಣ ತೂಕದ ಶೇ. 8ರ ಆಸುಪಾಸು ನೀರನ್ನು ಹಿಡಿದಿರುತ್ತದೆ. ನೂಲಿನ ವ್ಯಾಪಾರದಲ್ಲಿ ಲೆಕ್ಕಕ್ಕೆ ಹಿಡಿಯುವುದು 8.5. ಗಾಳಿ ಒಣಗಿದರೆ ಎಳೆಯೂ ಒಣಗುತ್ತದೆ, ಗಂಜಿ ಸಿಡಿಯುತ್ತದೆ, ಲಾಳಿ ಓಡುವಾಗಿನ ಎಳೆತಕ್ಕೆ ಹಾಸು ಕಡಿಯುತ್ತದೆ. ಕಡಿದ ಪ್ರತಿ ಎಳೆಗೂ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಕೂಲಿ ಸಿಗೋದು ಸೀರೆಗೆ, ಗಂಟಿಗೆ ಕೂಲಿ ಇಲ್ಲ. ಅದಕ್ಕೇ ಹತ್ತಿ ನೇಯುವ ಕಡೆ ಶೇ. 75ರಿಂದ 85ರವರೆಗೆ ತೇವಾಂಶ ಬೇಕು ಅನ್ನುತ್ತಾರೆ.

ಹಿರಿಯರು ಇದಕ್ಕೆ ವೈಫೈ ಇಲ್ಲದೆ ಉತ್ತರ ಕಂಡುಕೊಂಡಿದ್ದರು. ಕುಣಿ ಮಗ್ಗದಲ್ಲಿ ಹಾಸು ನೆಲಕ್ಕೆ ಹತ್ತಿರ ಇರುತ್ತದೆ, ನೆಲದ ತಂಪು ತೇವ ಅದಕ್ಕೆ ಸಿಗುತ್ತದೆ. ಮಣ್ಣಿನ ಮಾಳಿಗೆ ಮನೆಯ ದಪ್ಪ ಗೋಡೆ ಬಿಸಿಲನ್ನು ತಡೆಯುತ್ತದೆ. ಮನೆಗೆ ತಗಡು ಬಂದು, ನೆಲಕ್ಕೆ ಸಿಮೆಂಟ್ ಬಂದು, ಕುಣಿಯ ಜಾಗಕ್ಕೆ ಚೌಕಟ್ಟಿನ ಮಗ್ಗ ಬಂದ ಮೇಲೆ ಆ ತೇವವನ್ನು ನಾವು ಹೊರಗಿನಿಂದ ತರಬೇಕಾಯಿತು. ನೆಲಕ್ಕೆ ನೀರು ಚಿಮುಕಿಸೋದು, ಕಿಟಕಿಗೆ ಒದ್ದೆ ಗೋಣಿ ಕಟ್ಟೋದು, ಈಗ ಹ್ಯುಮಿಡಿಫೈಯರ್.

ಎಳೆಗೆ ಹಿತ, ಮೈಗೆ?

ಈಗ ಅಸಲಿ ವಿಷಯ. ಎಳೆಗೆ ಶೇ. 80 ಬೇಕು ಅಂತ ಥರ್ಮೋಸ್ಟಾಟ್‌ಗೆ ಹೇಳಿದಿರಿ. ಅದೇ ಗಾಳಿಯಲ್ಲಿ ನೇಯುವವರೂ ಕೂತಿದ್ದಾರೆ. ನಮ್ಮ ಮೈ ತಣ್ಣಗಾಗೋದು ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ತುಂಬಿದಷ್ಟೂ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ.

ಕಿಟಕಿ ತೆರೆದಿದ್ದರೆ ಪರವಾಗಿಲ್ಲ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನೇ ಎಳೆದುಕೊಳ್ಳುತ್ತದೆ, ಒಂದು ಕಡೆ ತೇವ ಏರಿದರೆ ಇನ್ನೊಂದು ಕಡೆ ಉಷ್ಣತೆ ಇಳಿಯುತ್ತದೆ. ಆದರೆ ಮಗ್ಗದ ಕೋಣೆಯಲ್ಲಿ ತೇವ ಓಡಿಹೋಗದಿರಲಿ ಅಂತ ಕಿಟಕಿ ಮುಚ್ಚುತ್ತೇವೆ. ಎಳೆ ಒಣಗದಿರಲಿ ಅಂತ ಫ್ಯಾನ್ ಆರಿಸುತ್ತೇವೆ. ಮೇಲೆ ತಗಡು ಶಾಖ ಸುರಿಯುತ್ತಲೇ ಇರುತ್ತದೆ. ವಿದ್ಯುತ್ ಮಗ್ಗ ಇದ್ದರೆ ಮೋಟಾರಿನ ಬಿಸಿಯೂ ಸೇರುತ್ತದೆ. ಹಾಗೆ ಮಾಡಿ ಕೋಣೆ 34 ಡಿಗ್ರಿ, ಶೇ. 80ಕ್ಕೆ ತಲುಪಿತು ಅಂದುಕೊಳ್ಳಿ. ಅದರ ವೆಟ್ ಬಲ್ಬ್ ಸುಮಾರು 31 ಡಿಗ್ರಿ. ಹೊರಗೆ 38 ಡಿಗ್ರಿಯ ಉರಿಬಿಸಿಲಿನ ಒಣಗಾಳಿಯಲ್ಲಿ ವೆಟ್ ಬಲ್ಬ್ 24 ಇತ್ತು, ನೆನಪಿದೆಯಲ್ಲ? ಥರ್ಮಾಮೀಟರ್ ಮಾತ್ರ ನೋಡಿದವರಿಗೆ ಒಳಗೇ ತಂಪು ಅನ್ನಿಸುತ್ತದೆ. ಮೈಗೆ ಒಳಗೇ ಅಪಾಯ ಜಾಸ್ತಿ.

ವೆಟ್ ಬಲ್ಬ್ 35 ಡಿಗ್ರಿ ದಾಟಿದರೆ ಆರೋಗ್ಯವಂತ ಮನುಷ್ಯನೂ ನೆರಳಲ್ಲಿ ಕೂತೇ ಬದುಕುಳಿಯೋದು ಕಷ್ಟ ಅಂತ 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುವಕ ಯುವತಿಯರ ಮೇಲೆ ಪ್ರಯೋಗ ಮಾಡಿದಾಗ, ತೇವ ಹೆಚ್ಚಿರುವ ಗಾಳಿಯಲ್ಲಿ 31ರ ಹತ್ತಿರವೇ ಮೈಯ ಉಷ್ಣತೆ ಹಿಡಿತ ತಪ್ಪಿ ಏರತೊಡಗಿತು. ಈ ಫಲಿತಾಂಶ ಪ್ರಕಟವಾದದ್ದು 2022ರಲ್ಲಿ.

ಶಿಕಾಗೋದ ಮನೆಯ ಥರ್ಮೋಸ್ಟಾಟ್‌ಗೆ ಒಮ್ಮೆ ಮರಳಿ ನೋಡಿ. ಒಳಗಿನ ತೇವ ಹೆಚ್ಚಾದರೆ ತಣ್ಣಗಿನ ಕಿಟಕಿ ಗಾಜಿನ ಮೇಲೆ ನೀರು ಕಟ್ಟಿ ಚೌಕಟ್ಟು ಕೊಳೆಯುತ್ತದೆ. ಅದಕ್ಕಾಗಿ ಹಲವು ಸ್ಮಾರ್ಟ್ ಥರ್ಮೋಸ್ಟಾಟ್‌ಗಳಲ್ಲಿ ಹೊರಗಿನ ಚಳಿ ಏರಿದಂತೆ ತೇವದ ಗುರಿಯನ್ನು ತಾನಾಗೇ ಇಳಿಸುವ ವ್ಯವಸ್ಥೆ ಇದೆ. "ನಾನು 40 ಇಟ್ಟಿದ್ದೆ, ಅದ್ಯಾಕೆ 25ಕ್ಕೇ ನಿಲ್ತಿದೆ" ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಕಾರಣ ಇದೇ. ಕಿಟಕಿಯ ಗಾಜನ್ನು ಕಾಯುವ ಸಾಲೊಂದು ಆ ಪ್ರೋಗ್ರಾಮಿನಲ್ಲಿದೆ. ನೇಕಾರರ ಮೈ ಕಾಯುವ ಸಾಲು ಮಗ್ಗದ ಕೋಣೆಯ ಡಬ್ಬಿಯಲ್ಲಿ ಇಲ್ಲ.

ಕಾನೂನಿನ ಥರ್ಮಾಮೀಟರ್ ಎಲ್ಲಿಯವರೆಗೆ?

ಈ ಸಾಲು ಬರೆಯಿಸಿಕೊಳ್ಳಲು ಹಿಂದೆ ನೇಕಾರರು ಹೋರಾಡಿದ್ದಾರೆ. ಕಥೆ ನಮ್ಮ ಎರೆ ಹೊಲದ ಪಕ್ಕದಲ್ಲೇ ಹಾದುಹೋಗುತ್ತದೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಬರೋದು ಕಡಿಮೆಯಾಯಿತು. ಆಗ ಭಾರತದ ಹತ್ತಿಗೆ ಬೇಡಿಕೆ ಬಂತು. ಆಗಿನ ಧಾರವಾಡ ಜಿಲ್ಲೆಯಲ್ಲಿ, ಅಂದ್ರೆ 1997ರಲ್ಲಿ ಗದಗ ಜಿಲ್ಲೆಯಾದ ಈ ಭಾಗವೂ ಸೇರಿದಂತೆ, ಬೆಳೆಯುತ್ತಿದ್ದ 'ಧಾರವಾಡ ಅಮೆರಿಕನ್' ಹತ್ತಿ ಆ ಮಾರುಕಟ್ಟೆಯಲ್ಲಿ ಹೆಸರಿದ್ದ ಮಾಲು. ಕಡಿಮೆ ಹತ್ತಿಯಲ್ಲಿ ಹೆಚ್ಚು ತೂಕದ ಬಟ್ಟೆ ಮಾಡಲು ಗಿರಣಿಯವರು ಹಾಸಿಗೆ ಬಿಳಿ ಜೇಡಿ ಬೆರೆಸಿದ ದಪ್ಪ ಗಂಜಿ ಹಚ್ಚತೊಡಗಿದರು. ಅಂಥ ಎಳೆ ಒಣಗಾಳಿಯಲ್ಲಿ ನಿಲ್ಲದು. ಅದಕ್ಕೆ ನೇಯುವ ಶೆಡ್ಡಿನೊಳಗೆ ಉಗಿ ಬಿಟ್ಟರು. ನೇಕಾರರು ಒದ್ದೆ ಬಟ್ಟೆಯಲ್ಲಿ ದಿನವಿಡೀ ಕೆಲಸ ಮಾಡಿ, ಹಾಗೇ ಚಳಿಗೆ ಹೊರಟು ಕಾಯಿಲೆ ಬಿದ್ದರು. ಅವರ ಪ್ರತಿಭಟನೆಯ ಫಲವಾಗಿ 1889ರಲ್ಲಿ ಬ್ರಿಟನ್ ಹತ್ತಿ ಬಟ್ಟೆ ಕಾರ್ಖಾನೆಗಳ ಕಾಯ್ದೆ ತಂದಿತು. ಯಾವ ಉಷ್ಣತೆಗೆ ಗರಿಷ್ಠ ಎಷ್ಟು ತೇವ ಅನ್ನೋ ಪಟ್ಟಿ, ಶೆಡ್ಡಿನೊಳಗೆ ಒಣ ಮತ್ತು ಒದ್ದೆ ಥರ್ಮಾಮೀಟರ್, ಎರಡೂ ಅದರಲ್ಲಿದ್ದವು.

ಆ ತರ್ಕ ನಮ್ಮ 1948ರ ಕಾರ್ಖಾನೆಗಳ ಕಾಯ್ದೆಗೂ ಬಂತು. ಅದರ 15ನೇ ಕಲಂ ಪೂರ್ತಿ ಕೃತಕ ತೇವದ ಬಗ್ಗೆಯೇ ಇತ್ತು. ತೇವದ ಮಟ್ಟ, ಅದರ ಪರೀಕ್ಷೆ, ದಾಖಲೆ, ಗಾಳಿ-ತಂಪಿನ ವ್ಯವಸ್ಥೆ ಇವುಗಳಿಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದಿತ್ತು. ತೇವಕ್ಕೆ ಬಳಸುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕಿತ್ತು, ಇಲ್ಲವೇ ಶುದ್ಧ ಮಾಡಿದ್ದಾಗಿರಬೇಕಿತ್ತು. ಇದು ಗದಗ ಜಿಲ್ಲೆಗೆ ಬಹಳ ಮುಖ್ಯ. ಕೂಲರ್ ಪ್ಯಾಡ್ ಲವಣವನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಆದರೆ ಮಂಜಿನಂತೆ ಸಿಂಪಡಿಸುವ ಯಂತ್ರ ನೀರಿನಲ್ಲಿರುವುದನ್ನೆಲ್ಲ ಗಾಳಿಗೆ ಬಿಡುತ್ತದೆ. ಫ್ಲೋರೈಡ್ ಸಮಸ್ಯೆ ಇರುವ ಜಿಲ್ಲೆಯ ಬೋರ್‌ವೆಲ್ ನೀರನ್ನು ಹಾಗೆ ಉಸಿರಾಡುವ ಗಾಳಿಗೆ ಬೆರೆಸೋದು ಜಾಣತನ ಅಲ್ಲ.

ಹಲವು ರಾಜ್ಯಗಳ ಕಾರ್ಖಾನೆ ನಿಯಮಗಳಲ್ಲಿ ಇನ್ನೂ ಖಚಿತವಾದ ಸಾಲಿದೆ: ಕೆಲಸದ ಕೋಣೆಯಲ್ಲಿ ನೆಲದಿಂದ 1.5 ಮೀಟರ್ ಎತ್ತರದಲ್ಲಿ ವೆಟ್ ಬಲ್ಬ್ 30 ಡಿಗ್ರಿ ಮೀರಬಾರದು, ಗಾಳಿ ನಿಮಿಷಕ್ಕೆ ಕನಿಷ್ಠ 30 ಮೀಟರ್ ಚಲಿಸುತ್ತಿರಬೇಕು. ಏನು ಅಳೆಯಬೇಕು, ಎಲ್ಲಿ ಅಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಮೂರಕ್ಕೂ ಉತ್ತರ ಇದೆ. ಒಳ್ಳೆಯ ಪ್ರೋಗ್ರಾಮ್ ಅಂದ್ರೆ ಇದು.

ತೊಂದರೆ ಇರೋದು ಇದು ಯಾರ ಬಾಗಿಲವರೆಗೆ ಬರುತ್ತದೆ ಅನ್ನೋದರಲ್ಲಿ. 1948ರ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸಿ 10 ಜನ, ವಿದ್ಯುತ್ ಇಲ್ಲದೆ 20 ಜನ ಕೆಲಸ ಮಾಡಿದರೆ ಅದು ಕಾರ್ಖಾನೆ ಆಗುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಮಿತಿಯನ್ನು 20 ಮತ್ತು 40ಕ್ಕೆ ಏರಿಸಿತು. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಗಂಡ ಹೆಂಡತಿ ಇಬ್ಬರೇ ನೇಯುವ ಮನೆ ಹಳೇ ಲೆಕ್ಕದಲ್ಲೂ ಕಾರ್ಖಾನೆ ಆಗಿರಲಿಲ್ಲ, ಹೊಸ ಲೆಕ್ಕದಲ್ಲೂ ಅಲ್ಲ. 12 ಜನ ಇರುವ ವಿದ್ಯುತ್ ಮಗ್ಗದ ಶೆಡ್ ಹಳೇ ಲೆಕ್ಕದಲ್ಲಿ ಕಾರ್ಖಾನೆ ಆಗಿತ್ತು, ಹೊಸದರಲ್ಲಿ ಕಾರ್ಖಾನೆ ಅಲ್ಲ. ಶಾಖದಲ್ಲಿ ಮಾತ್ರ ಏನೂ ಬದಲಾಗಿಲ್ಲ. 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಸಹಾಯಕ ಕೆಲಸದವರು ಸೇರಿ 35.22 ಲಕ್ಷ ಜನ, ಅವರಲ್ಲಿ ಶೇ. 72ರಷ್ಟು ಮಹಿಳೆಯರು. ಮಗ್ಗ ಬಿಟ್ಟು ಎದ್ದರೆ ಒಲೆ ಮುಂದೆ ಕೂರುವವರೂ ಅವರೇ.

ಹವಾಮಾನ ಇಲಾಖೆಯ ಎಚ್ಚರಿಕೆ ಇದೆಯಲ್ಲ ಅಂತೀರಾ? ಬಯಲುಸೀಮೆಯಲ್ಲಿ ಬಿಸಿಗಾಳಿ ಘೋಷಿಸಲು ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಅಥವಾ ನೇರ 45 ದಾಟಬೇಕು. ಅದು ಒಣ ಥರ್ಮಾಮೀಟರಿನ ಅಳತೆ, ಬಯಲಲ್ಲಿಟ್ಟ ಪೆಟ್ಟಿಗೆಯೊಳಗಿನ ಅಳತೆ. ತೇವವನ್ನೂ ಸೇರಿಸಿದ ಶಾಖ ಸೂಚ್ಯಂಕವನ್ನು ಇಲಾಖೆ 2023ರಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದೆ. ಆದರೂ ಕಿಟಕಿ ಮುಚ್ಚಿದ ಮಗ್ಗದ ಕೋಣೆ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ.

ಹಾಗಾದ್ರೆ ಏನು ಮಾಡೋಣ?

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಎರಡು ಸಾಮಾನ್ಯ ಥರ್ಮಾಮೀಟರ್ ತನ್ನಿ. ಒಂದರ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ಅದರ ತುದಿ ನೀರಿನ ಬಟ್ಟಲಲ್ಲಿ ಮುಳುಗಿರಲಿ. ನೇಯುವವರು ಕೂತಾಗ ಎದೆ ಬರುವ ಎತ್ತರಕ್ಕೆ ಎರಡನ್ನೂ ತೂಗುಹಾಕಿ. ಕುಣಿ ಮಗ್ಗದಲ್ಲಿ ಕೂತವರಿಗೆ 1.5 ಮೀಟರ್ ಅಂದ್ರೆ ತಲೆಯ ಮೇಲಾಯಿತು. ಓದುವ ಮುಂಚೆ ಎರಡು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಒದ್ದೆಯದ್ದು 28 ದಾಟಿದರೆ ಪಂಪ್ ನಿಲ್ಲಿಸಿ, ಕಿಟಕಿ ತೆರೆಯಿರಿ. 30 ಮುಟ್ಟಿದರೆ ಮಗ್ಗ ಬಿಟ್ಟೇಳಿ, ಎಳೆ ಕಡಿದರೂ ಸರಿ. ಸ್ಮಾರ್ಟ್ ಡಬ್ಬಿ ಇದ್ದವರು ಅದರ ಆಟೊಮೇಷನ್‌ನಲ್ಲಿ ಉಷ್ಣತೆ ಮತ್ತು ತೇವಾಂಶ ಎರಡರ ಷರತ್ತನ್ನೂ ಹಾಕಿ: 32 ಡಿಗ್ರಿ ದಾಟಿ, ತೇವಾಂಶವೂ ಶೇ. 75 ದಾಟಿದರೆ ಪಂಪ್ ಬಂದ್, ಫ್ಯಾನ್ ಚಾಲೂ. ಬಿಸಿಲು ಏರುವ ಮುಂಚೆ ನೇಯೋದು, ಹಾಸಿಗೆ ಮಾತ್ರ ತೇವ ತಾಗುವಂತೆ ಒದ್ದೆ ಬಟ್ಟೆ ಕಟ್ಟೋದು, ತಗಡಿನ ಮೇಲೆ ಸುಣ್ಣ ಬಳಿಯೋದು ಇವುಗಳಿಂದ ಪಂಪಿನ ಕೆಲಸವೇ ಅರ್ಧ ಕಡಿಮೆಯಾಗುತ್ತದೆ.

ಬೀದಿಯಲ್ಲಿ ಕೇಳಬೇಕಾದದ್ದೂ ಇದೆ. ಮಗ್ಗ ಕೊಡುವ ಸರ್ಕಾರಿ ಯೋಜನೆಗಳಲ್ಲಿ ಮಗ್ಗದ ಜೊತೆ ಒಂದು ಒಣ-ಒದ್ದೆ ಥರ್ಮಾಮೀಟರ್ ಯಾಕೆ ಬರಬಾರದು? ಜಿಲ್ಲೆಯ ಬೇಸಿಗೆ ಕ್ರಿಯಾ ಯೋಜನೆಯಲ್ಲಿ ಕಟ್ಟಡ ಕಾರ್ಮಿಕರು, ನರೇಗಾ ಕೂಲಿಗಳ ಜೊತೆ ಮನೆಯೊಳಗೆ ನೇಯುವವರ ಹೆಸರಿದೆಯಾ? ಹೊಸ ಸಂಹಿತೆಯ ಅಡಿ ರಾಜ್ಯ ನಿಯಮಗಳಲ್ಲಿ 20 ಜನರಿಗಿಂತ ಕಡಿಮೆ ಇರುವ ಮಗ್ಗದ ಶೆಡ್‌ಗಳಿಗೆ ವೆಟ್ ಬಲ್ಬ್ ಮಿತಿ ಉಳಿಯುತ್ತದಾ? ಎಳೆ ಕಡಿಯುವ ಮಧ್ಯಾಹ್ನ ಮಗ್ಗ ನಿಲ್ಲಿಸಿದವರ ಆ ದಿನದ ಕೂಲಿ ಯಾರ ಲೆಕ್ಕಕ್ಕೆ? ನಿಮ್ಮ ಊರಿನ ನೇಕಾರರ ಸಹಕಾರ ಸಂಘದ ಮುಂದಿನ ಸಭೆಗೆ ಹೋಗುವಾಗ ಆ ಎರಡು ಥರ್ಮಾಮೀಟರ್ ಕೈಯಲ್ಲಿರಲಿ, ಒಂದು ವಾರ ಮಧ್ಯಾಹ್ನ 2 ಗಂಟೆಗೆ ಬರೆದಿಟ್ಟ ಅಂಕಿಗಳ ಹಾಳೆಯೂ ಇರಲಿ. ಅಂಕಿ ಎದುರಿಗಿಟ್ಟು ಕೇಳಿದ ಪ್ರಶ್ನೆಯನ್ನು ತಳ್ಳಿಹಾಕೋದು ಅಷ್ಟು ಸುಲಭ ಅಲ್ಲ.